ಅಜ್ಜಂಪುರದ ಷಡಕ್ಷರಿಗೆ ಎರಡು ಕಾಲೇಜು ಬಂದದ್ದು

ಷಡಕ್ಷರಿ ಹುಟ್ಟುವಾಗಲೇ ಅನುಮಾನಿಸಿದವನು. ಸೂಲಗಿತ್ತಿ ಹೇಳುತ್ತಿದ್ದ ಪ್ರಕಾರ, ತಲೆಯೊಂದು ಹೊರಗೆ ಬಂದದ್ದೇ ತಡ, ಈ ಲೋಕವನ್ನು ಕಣ್ಣರಳಿಸಿ ನೋಡಿ, ಬರಲೋ ಬೇಡವೋ ಎಂದು ಮುಕ್ಕಾಲು ದಿನ ಅಲ್ಲೇ ನಿಂತುಬಿಟ್ಟಿತಂತೆ. ಕೊನೆಗೆ ಅಪ್ಪ ತೀರ್ಥಪ್ಪನವರ ಮಂಡಿಯಿಂದ ಮೆಣಸಿನಕಾಯಿ ಘಾಟು ಗಾಳಿಯಲ್ಲಿ ತೇಲಿ ಬಂದು, ಕೂಸು ಸೀನಿ, ಆ ಸೀನಿನ ರಭಸಕ್ಕೆ ತಾನಾಗಿ ಈಚೆ ಬಿತ್ತು. ತೀರ್ಥಪ್ಪನವರ ಮಂಡಿಯ ಘಾಟೆಂದರೆ ಹಾಗೆಹೀಗೆ ಅಲ್ಲ. ಪೂನಾ ಗಾಡಿ ಅಜ್ಜಂಪುರ ದಾಟುವಾಗ ಡ್ರೈವರು ಸಿಳ್ಳೆ ಹಾಕುವ ಕೆಲಸವೇ ಇರಲಿಲ್ಲ, ಎಂಜಿನ್ನು ತಾನೇ ಸೀನಿಕೊಂಡು ಹೋಗುತ್ತಿತ್ತು ಎಂದು ಊರಿನವರು ಆಣೆಯಿಟ್ಟು ಹೇಳುತ್ತಿದ್ದರು.

ಹೀಗೆ ಹುಟ್ಟಿದವನು ಬೆಳೆದದ್ದೂ ಹಾಗೆಯೇ. ಊಟಕ್ಕೆ ಕುಳಿತರೆ ಮೊದಲು ಮುದ್ದೆಯೋ ಅನ್ನವೋ ಎಂದು ಯೋಚಿಸುವಷ್ಟರಲ್ಲಿ ಎರಡೂ ಆರಿಹೋಗುತ್ತಿದ್ದವು. ತರೀಕೆರೆಯಲ್ಲಿ ಮಿಡ್ಲ್‌ಸ್ಕೂಲು ಮುಗಿಸಿ, ಬೆಂಗಳೂರಿಗೆ ಹೋಗಿ ರಸಾಯನಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿಕೊಂಡು ಬಂದ. ರಸಾಯನಶಾಸ್ತ್ರವೇ ಯಾಕಪ್ಪಾ ಎಂದು ಕೇಳಿದವರಿಗೆ ನಿಜವನ್ನೇ ಹೇಳುತ್ತಿದ್ದ: ಯಾವ ಕೋಣೆಯೊಳಗೆ ಹೋಗಲಿ ಎಂದು ಕಾಲೇಜಿನ ಮೊಗಸಾಲೆಯಲ್ಲಿ ಯೋಚಿಸುತ್ತ ನಿಂತಿದ್ದಾಗ ಹಿಂದಿನಿಂದ ಹುಡುಗರು ನೂಕಿದರು, ಬಿದ್ದ ಕೋಣೆ ರಸಾಯನಶಾಸ್ತ್ರದ್ದು.

ಒಂದು ವಿಷಯದಲ್ಲಿ ಮಾತ್ರ ಅವನಿಗೆ ಯಾವತ್ತೂ ಅನುಮಾನ ಬಂದದ್ದಿಲ್ಲ. ಅದು ದನ. ಆರು ವರ್ಷದವನಿದ್ದಾಗಲೇ ಹಟ್ಟಿಯ ಬಾಗಿಲಲ್ಲಿ ನಿಂತು, “ಆ ಮೂಲೇದು ಇವತ್ತು ಮೇಯಲ್ಲ” ಎಂದರೆ ಅದು ಮೇಯುತ್ತಿರಲಿಲ್ಲ. ಆದ್ದರಿಂದಲೇ ಡಿಗ್ರಿ ಹಿಡಿದು ಬಂದವನು ಅಮೃತಮಹಲ್ ದನಗಳ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ. ಮಹಾರಾಜರ ದನಗಳು, ‘ಕಾವಲು’ ಎಂದು ಕರೆಯುವ ಮೈಲುಗಟ್ಟಲೆ ಹುಲ್ಲುಗಾವಲು, ಒಂದೊಂದು ಹೋರಿಯ ಕೊಂಬೂ ಆಕಾಶಕ್ಕೆ ಕಚಗುಳಿ ಇಡುವಷ್ಟು ಉದ್ದ. ಆದರೆ ಷಡಕ್ಷರಿಗೆ ಸಿಕ್ಕಿದ್ದು ಎರಡನೆಯ ಗುಮಾಸ್ತೆಯ ಕೆಲಸ. ಅವನ ಬಿ.ಎಸ್‌ಸಿ.ಯಲ್ಲಿ ಇಲಾಖೆಗೆ ಬೇಕಾದದ್ದು ಅಕ್ಷರ ದುಂಡಗಿದೆ ಎಂಬುದೊಂದೇ. ದನ ಸತ್ತರೆ ರಿಜಿಸ್ಟರಿನಲ್ಲಿ ಬಣ್ಣ, ವಯಸ್ಸು, ಕೊಂಬಿನ ಅಂದಾಜು ಬರೆದು, ಕೊನೆಯ ಕಲಮಿನಲ್ಲಿ ‘ಕಾರಣ ತಿಳಿಯದು’ ಎಂದು ತುಂಬಬೇಕು. ಮೂರು ವರ್ಷದಲ್ಲಿ ಆ ಎರಡು ಪದಗಳನ್ನು ಬರೆದೂ ಬರೆದೂ, ಯಾರಾದರೂ ಹೆಸರು ಕೇಳಿದರೆ ಬಾಯಿತಪ್ಪಿ “ಕಾರಣ ತಿಳಿಯದು” ಎನ್ನುವ ಸ್ಥಿತಿಗೆ ಬಂದಿದ್ದ.

ಕಾರಣ ತಿಳಿಯಬೇಕು ಎಂಬುದೇ ಅವನ ಹುಚ್ಚು. ತಿಳಿಸಿಕೊಡುವ ಕಾಲೇಜುಗಳು ಪರದೇಶದಲ್ಲಿವೆ, ಅಲ್ಲಿ ಊರೂರಿಗೂ ದನದ ಡಾಕ್ಟರಿದ್ದಾನೆ, ಕಲಿತವನಿಗೆ ಕಲಿತದ್ದೇ ಕೆಲಸ ಎಂದು ಕಚೇರಿಗೆ ಬಂದ ಯಾವುದೋ ಇಂಗ್ಲಿಷ್ ಮಾಸಿಕದಲ್ಲಿ ಓದಿದ್ದ. ಹೋಗಬೇಕು, ಓದಬೇಕು, ಓದಿದ ಮೇಲೆ ಅಲ್ಲೇ ಕೆಲಸಕ್ಕೆ ನಿಂತು ಕೈ ಪಳಗಿಸಬೇಕು. ತಿರುಗಿ ಬಂದು ಮತ್ತೆ ಅದೇ ರಿಜಿಸ್ಟರಿನ ಮುಂದೆ ಕೂರುವ ಹಣೆಬರಹ ಬೇಡ. ಸ್ಕಾಟ್ಲೆಂಡಿನ ಒಂದು ಕಾಲೇಜಿಗೂ ಅಮೇರಿಕದ ಒಂದು ಕಾಲೇಜಿಗೂ ಅರ್ಜಿ ಬರೆದ. ಎರಡರಲ್ಲೊಂದಾದರೂ ಇಲ್ಲ ಎನ್ನುತ್ತದೆ, ಆಯ್ಕೆಯ ಕಷ್ಟ ತಪ್ಪುತ್ತದೆ ಎಂಬುದು ಅವನ ಲೆಕ್ಕಾಚಾರ.

ಎರಡೂ ಹೂಂ ಎಂದವು. ಅದೂ ಒಂದೇ ದಿನ, ಒಂದೇ ಟಪಾಲಿನಲ್ಲಿ.

ಅದು ಸಾವಿರದ ಒಂಬೈನೂರ ಇಪ್ಪತ್ತಾರನೆಯ ಇಸವಿಯ ಬೇಸಿಗೆ. ಕಾಗದಗಳನ್ನು ಮೊದಲು ಓದಿದ್ದು ಅವನ ಹೆಂಡತಿ ಪಂಕಜಾಕ್ಷಿಯ ಎದುರು. ಅವಳು ಲೋಯರ್ ಸೆಕೆಂಡರಿ ಪಾಸಾದವಳು, ಗಂಡನ ಅನುಮಾನಗಳನ್ನು ಬೇಳೆ ಆರಿಸಿದಂತೆ ಆರಿಸಿ ಎಸೆಯುವ ಕೈ ಅವಳದು. ಸ್ಕಾಟ್ಲೆಂಡಿನವರು ಬರೆದಿದ್ದರು: ನಾಲ್ಕು ವರ್ಷದ ಓದು, ಪಾಸಾದವರಿಗೆ ಇಲ್ಲಿಯೇ ಕೆಲಸ ಸಿಗುವುದು ಕಷ್ಟವಿಲ್ಲ, ಆದರೆ ಸತ್ತ ದನವನ್ನು ಕುಯ್ದು ನೋಡುವುದನ್ನೂ ಕಸಾಯಿಖಾನೆಯಲ್ಲಿ ಮಾಂಸ ಪರೀಕ್ಷೆ ಮಾಡುವುದನ್ನೂ ಕಡ್ಡಾಯವಾಗಿ ಕಲಿಯಬೇಕು. ಅಮೇರಿಕದವರು ಬರೆದಿದ್ದರು: ಎರಡು ವರ್ಷದ ಓದು, ಹಾಲು ಬೆಣ್ಣೆ ಮೇವಿನ ಶಾಸ್ತ್ರ, ಕತ್ತಿ ಹಿಡಿಯುವ ಗೋಜಿಲ್ಲ, ಆದರೆ ನಮ್ಮ ದೇಶದ ಹೊಸ ಕಾನೂನಿನಂತೆ ಓದು ಮುಗಿದ ಕೂಡಲೇ ಹೊರಡುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕು, ಕೆಲಸಕ್ಕೆ ನಿಲ್ಲುವಂತಿಲ್ಲ.

ಪಂಕಜಾಕ್ಷಿ ಕೇಳಿಸಿಕೊಂಡು ಹೇಳಿದಳು: “ಅಂದ್ರೆ ಒಂದ್ಕಡೆ ಕಸಾಯಿಖಾನೆ, ಇನ್ನೊಂದ್ಕಡೆ ಕತ್ತು ಹಿಡಿದು ಆಚೆಗೆ ನೂಕೋದು. ಅಷ್ಟೇ ತಾನೇ?”

“ಅಷ್ಟು ಒರಟಾಗಿ ಬರೆದಿಲ್ಲ ಕಣೇ.”

“ಇಂಗ್ಲಿಷಲ್ಲಿ ಬರೆದಿದ್ದಾರಲ್ಲ, ಅದಕ್ಕೆ ನಿಮಗೆ ಗೊತ್ತಾಗ್ಲಿಲ್ಲ. ಸರಿ, ಯಾವುದು ಅಂತ ಬರೀತೀರಿ?”

“ಯೋಚ್ನೆ ಮಾಡ್ಬೇಕು.”

“ಶಿವನೇ!” ಎಂದು ಪಂಕಜಾಕ್ಷಿ ಒಳಗೆ ಹೋದಳು. ಗಂಡನ ಯೋಚನೆ ಎಷ್ಟು ಕಾಲ ಹಿಡಿಯುತ್ತದೆಂದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು? ಮದುವೆಯಲ್ಲಿ ತಾಳಿ ಹಿಡಿದು ಗಂಟು ಎರಡೋ ಮೂರೋ ಎಂದು ಅವನು ಯೋಚಿಸುವಷ್ಟರಲ್ಲಿ ಓಲಗದವರು ಮೂರು ಸಲ ಉಸಿರು ತೆಗೆದುಕೊಂಡಿದ್ದರು.

ಆದರೆ ಈ ಸಲ ಕಾಲ ಕಾಯುವಂತಿರಲಿಲ್ಲ. ಎರಡು ಕಾಲೇಜೂ ಮೇ ತಿಂಗಳ ಕೊನೆಯೊಳಗೆ ಒಪ್ಪಿಗೆ ಕೈಸೇರಬೇಕು ಎಂದಿದ್ದವು. ಯುಗಾದಿ ಕಳೆದ ಎರಡನೆಯ ಬುಧವಾರ ಬೀರೂರಿನಲ್ಲಿ ಟಪಾಲಿಗೆ ಹಾಕದಿದ್ದರೆ ಬೊಂಬಾಯಿಯ ಹಡಗು ತಪ್ಪುತ್ತದೆ. ಹಡಗು ತಪ್ಪಿದರೆ ಎರಡು ಜಾಗವೂ ಬೇರೆಯವರ ಪಾಲು. ಷಡಕ್ಷರಿಗೆ ಆಗಲೇ ಇಪ್ಪತ್ತೆಂಟು. ಮತ್ತೊಂದು ಸಲ ಯಾರೂ ಕರೆಯುವುದಿಲ್ಲ. ಕೈಯಲ್ಲಿ ಮೂರು ವಾರ ಉಳಿದಿತ್ತು.

ಅವನು ಬುದ್ಧಿವಂತರನ್ನು ಕೇಳಲು ಹೊರಟ. ತರೀಕೆರೆಯ ಒಬ್ಬ ವಕೀಲರು ಎರಡು ಕಾಗದವನ್ನೂ ಬೆಳಕಿಗೆ ಹಿಡಿದು, ಕನ್ನಡಕ ಒರೆಸಿ, “ಮೊದಲು ನೀನು ಯಾವ ದೊರೆಯ ಪ್ರಜೆ ಅನ್ನೋದು ಇತ್ಯರ್ಥ ಆಗ್ಬೇಕಪ್ಪಾ. ನಮ್ಮ ಮಹಾರಾಜರೋ, ಇಂಗ್ಲೆಂಡಿನ ದೊರೆಯೋ?” ಎಂದರು. ಇಷ್ಟು ದಿನ ಅವನಿಗೆ ಆ ಒಂದು ಅನುಮಾನ ಮಾತ್ರ ಇರಲಿಲ್ಲ. ಈಗ ಅದೂ ಸೇರಿತು. ಕಡೂರಿನ ಅಮಲ್ದಾರ್ ಕಚೇರಿಯ ಶಿರಸ್ತೇದಾರರು, “ಅಮೇರಿಕಾ ಭೂಮಿಯ ಕೆಳಗಡೆ ಇರೋದು. ಅಲ್ಲಿ ಹಸು ತಲೆಕೆಳಗಾಗಿ ನಿಂತಿರ್ತದಲ್ಲ, ಹಾಲು ಕರೆಯೋದು ಹೇಗೆ ಅಂತ ಮೊದಲು ಕೇಳಿ ಬರಿ” ಎಂದರು. ಅವರು ತಮಾಷೆಗೆ ಹೇಳಿದರೋ ನಿಜವಾಗಿ ಹೇಳಿದರೋ ತಿಳಿಯದೆ ಷಡಕ್ಷರಿ ಕಡೂರಿನಿಂದ ಬೀರೂರಿನವರೆಗೆ ಯೋಚಿಸುತ್ತ ನಡೆದೇ ಬಂದ. ರೈಲಿನ ಟಿಕೇಟು ಜೇಬಿನಲ್ಲೇ ಇತ್ತು.

ಮೂರು ವಾರದಲ್ಲಿ ಎರಡು ಹೀಗೆ ಕಳೆದವು. ಆಗ ತೀರ್ಥಪ್ಪನವರಿಗೆ ತಾಳ್ಮೆ ಕೆಟ್ಟಿತು.

“ಲೇ ಷಡಕ್ಷರಿ, ವಕೀಲನ್ನ ಕೇಳ್ದೆ, ಶಿರಸ್ತೇದಾರನ್ನ ಕೇಳ್ದೆ. ಕೇಳಬೇಕಾದೋನ್ನ ಕೇಳ್ದೇನೋ? ನಾಳೇನೇ ವೀರಭದ್ರಸ್ವಾಮಿ ಹತ್ರ ಪ್ರಸಾದ ಕೇಳೋಣ. ಹೂವು ಏನ್ ಹೇಳ್ತದೋ ಅದೇ ಸೈ.”

ಪ್ರಸಾದ ಕೇಳುವುದೆಂದರೆ ಆ ಕಡೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವ್ಯವಹಾರ. ಪೂಜಾರಿ ದೇವರ ಮೈಮೇಲೆ ಎರಡೂ ಬದಿಗೆ ಒದ್ದೆ ಹೂಗಳನ್ನು ಅಂಟಿಸುತ್ತಾನೆ. ಕೇಳುವವರು ಮನಸ್ಸಿನ ಮಾತು ಹೇಳಿಕೊಂಡು ಕೈಮುಗಿದು ಕೂರುತ್ತಾರೆ. ಬಲಗಡೆ ಹೂ ಬಿದ್ದರೆ ಅಪ್ಪಣೆಯಾಯಿತು, ಎಡಗಡೆ ಬಿದ್ದರೆ ಇಲ್ಲ. ಹೆಣ್ಣು ನೋಡುವುದರಿಂದ ಹಿಡಿದು ಬಾವಿ ತೋಡಿಸುವವರೆಗೆ ಅಜ್ಜಂಪುರ ನಡೆಯುತ್ತಿದ್ದದ್ದೇ ಹೀಗೆ. ಆದರೆ ಹೌದು ಅಥವಾ ಅಲ್ಲ ಎಂದು ಹೇಳಿ ರೂಢಿಯಿದ್ದ ದೇವರನ್ನು, ಎರಡು ದೇಶದಲ್ಲಿ ಯಾವುದು ಎಂದು ಯಾರೂ ಅದುವರೆಗೆ ಕೇಳಿರಲಿಲ್ಲ. ಪೂಜಾರಿ ಕಲ್ಲಪ್ಪ ತಲೆ ಕೆರೆದುಕೊಂಡು, “ಹಂಗಾದ್ರೆ ಬಲಕ್ಕೆ ಬಿದ್ರೆ ಸ್ಕಾಟ್ಲೆಂಡು, ಎಡಕ್ಕೆ ಬಿದ್ರೆ ಅಮೇರಿಕಾ ಅಂತ ಇಟ್ಕೊಳ್ಳಾಣ” ಎಂದ. ಎಲ್ಲರೂ ಒಪ್ಪಿದರು.

ಷಡಕ್ಷರಿ ಕಸಾಯಿಖಾನೆಯ ಸಂಗತಿಯನ್ನೂ ಮುಚ್ಚಳಿಕೆಯ ಸಂಗತಿಯನ್ನೂ ಅಪ್ಪ ಅವ್ವನಿಗೆ ಹೇಳಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದ ಮನೆ. ನೊಣ ಬಿದ್ದ ಸಾರನ್ನೂ ಚೆಲ್ಲಿ ಪಾತ್ರೆಗೆ ಬೂದಿ ಹಾಕಿ ಏಳು ಸಲ ತಿಕ್ಕುವ ಅವ್ವ. ಏನೆಂದು ಹೇಳುವುದು? ದೇವರಿಗೆ ಹೇಗೂ ಗೊತ್ತಿರುತ್ತದೆ ಎಂದು ಸುಮ್ಮನಾಗಿದ್ದ.

ದೇವರು ಎರಡು ತಾಸು ಯೋಚಿಸಿದ. ‘ಇವನ ಗಾಳಿ ದೇವರಿಗೂ ತಗುಲಿತು’ ಎಂದು ಯಾರೋ ಹಿಂದೆ ಪಿಸುಗುಟ್ಟಿದರು. ಕೊನೆಗೆ ಒಂದು ಕಣಗಿಲೆ ಹೂವು ಜಾರಿ ತಟ್ಟನೆ ಬಿತ್ತು.

“ಸ್ಕಾಟ್ಲೆಂಡು!” ಎಂದು ಅವ್ವ ಮಲ್ಲಿಕಾಂಬ ಕೈಮುಗಿದರು.

“ಅಮೇರಿಕಾ!” ಎಂದು ತೀರ್ಥಪ್ಪನವರು ಅಡ್ಡಬಿದ್ದರು.

ಇಬ್ಬರೂ ಎದ್ದು ಒಬ್ಬರ ಮುಖ ಒಬ್ಬರು ನೋಡಿದರು.

“ಬಲಗಡೆ ಬಿತ್ತಲ್ರೀ, ಕಣ್ಣು ಕಾಣಲ್ವೇ?” ಎಂದರು ಮಲ್ಲಿಕಾಂಬ, ತಮ್ಮ ಬಲಗೈ ಆಡಿಸಿ.

“ಅದು ನಿನ್ನ ಬಲ ಕಣೇ. ಸ್ವಾಮಿ ನಮ್ಮ ಕಡೆ ಮುಖ ಮಾಡಿ ಕೂತವ್ನೆ, ಅವನಿಗೆ ಅದು ಎಡ. ಅಪ್ಪಣೆ ಕೊಡೋನು ಅವನೋ ನೀನೋ?”

“ನಮ್ಮ ತವರು ಪಂಚನಹಳ್ಳೀಲಿ ಕೇಳೋರ ಕೈಯೇ ಲೆಕ್ಕ. ಕಷ್ಟ ಇರೋದು ಕೇಳೋರಿಗೆ, ದೇವರಿಗೇನು ಕಷ್ಟ?”

“ಪಂಚನಹಳ್ಳಿ ದೇವರೇ ಬೇರೆ, ಅಜ್ಜಂಪುರದ ದೇವರೇ ಬೇರೆ! ಕಲ್ಲಪ್ಪಾ, ನೀನೇ ಹೇಳು.”

ಕಲ್ಲಪ್ಪನ ವಂಶದವರು ಏಳು ತಲೆಮಾರಿನಿಂದ ಆ ಗುಡಿಯಲ್ಲಿ ಹೂ ಅಂಟಿಸಿದವರು. ಹೂ ಬಿದ್ದ ಕೂಡಲೇ “ಆಯ್ತು” ಅಥವಾ “ಆಗಲಿಲ್ಲ” ಎಂದು ಅವರೇ ಕೂಗುತ್ತಿದ್ದರು, ಜನ ಪ್ರಸಾದ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು. ಯಾರ ಬಲ ಎಂದು ಕೇಳಿದವರೇ ಇಲ್ಲ. ಅವನ ಅಪ್ಪ ಒಂದು ಥರ ಹೇಳುತ್ತಿದ್ದನೋ, ತಾನೊಂದು ಥರ ಹೇಳುತ್ತಿದ್ದೇನೋ ಎಂದು ಈಗ ನೆನೆದು ಕಲ್ಲಪ್ಪನಿಗೆ ಬೆವರು ಕಿತ್ತುಕೊಂಡಿತು. ಊರಿನಲ್ಲಿ ತಪ್ಪು ಬಲ ನೋಡಿ ಎಷ್ಟು ಮದುವೆಯಾಗಿವೆಯೋ, ಎಷ್ಟು ಬಾವಿ ಒಣಗಿವೆಯೋ! “ಎರಡು ಕಡೆಯೂ ಸ್ವಾಮಿದೇ” ಎಂದಷ್ಟೇ ಹೇಳಿ ಗರ್ಭಗುಡಿಯ ಬಾಗಿಲು ಹಾಕಿಕೊಂಡ. ಮರುದಿನದಿಂದ ಗುಡಿಯ ಮುಂದೆ, ತಮ್ಮ ಹಳೆಯ ಪ್ರಸಾದ ಯಾವ ಬಲದ್ದು ಎಂದು ವಿಚಾರಿಸುವವರ ಸಾಲು ಬೀರೂರಿನವರೆಗೂ ಹಬ್ಬಿತ್ತೆಂದು ಹೇಳುತ್ತಾರೆ. ಅಷ್ಟು ಇರಲಾರದು. ಅರ್ಧ ದಾರಿಯವರೆಗಂತೂ ಇತ್ತು.

ಷಡಕ್ಷರಿಯ ಪಾಡಂತೂ ಕೇಳುವ ಹಾಗಿರಲಿಲ್ಲ. ಅಪ್ಪ ಮಂಡಿಗೆ ಬಂದವರಿಗೆಲ್ಲ ಮಗ ಅಮೇರಿಕಕ್ಕೆ ಹೋಗುತ್ತಾನೆಂದು ಹೇಳಿದರು, ಅವ್ವ ಬಾವಿಕಟ್ಟೆಯಲ್ಲಿ ಸ್ಕಾಟ್ಲೆಂಡೆಂದು ಸಾರಿದರು. ಗಂಡಸರು ಒಂದು ದೇಶಕ್ಕೂ ಹೆಂಗಸರು ಒಂದು ದೇಶಕ್ಕೂ ಅವನನ್ನು ಕಳಿಸಿಯಾಯಿತು. ಅವನು ಮಾತ್ರ ಕಾಲೇಜಿನವರು ಕಳಿಸಿದ್ದ ಎರಡು ಒಪ್ಪಿಗೆಯ ಅರ್ಜಿಯನ್ನೂ ಮೇಜಿನ ಮೇಲೆ ಹರಡಿಕೊಂಡು, ಪೆನ್ನು ಬಿಚ್ಚುವುದು, ಮುಚ್ಚುವುದು. ಅಮೇರಿಕದ ಅರ್ಜಿ ಸುಲಭ, ರುಜು ಹಾಕಿದರೆ ಮುಗಿಯಿತು. ಸ್ಕಾಟ್ಲೆಂಡಿನದರಲ್ಲಿ ಒಂದು ತೊಡಕಿನ ಕಲಮಿತ್ತು: ‘ರೋಗದಿಂದ ಸತ್ತ ಪ್ರಾಣಿಯ ಪರೀಕ್ಷೆಯಲ್ಲಿ ಅಭ್ಯರ್ಥಿಯು ಯಾರ ಕೈಕೆಳಗೆ ಕೆಲಸ ಮಾಡಿದ್ದಾನೋ ಅವರ ಹೆಸರು, ಅನುಭವ, ಶಿಫಾರಸು ಮತ್ತು ರುಜು.’ ಅವನು ಯಾರ ಕೈಕೆಳಗೂ ಮಾಡಿರಲಿಲ್ಲ. ಇದ್ದದ್ದು ದುಂಡಗಿನ ಅಕ್ಷರ. ಅಲ್ಲಿಗೆ ಅಮೇರಿಕವೇ ಸರಿ ಎಂದುಕೊಂಡ. ಆದರೆ ಎರಡು ವರ್ಷ ಬೆಣ್ಣೆಯ ಮೇಲೆ ಓದಿ ತಿರುಗಿ ಬಂದರೆ ಯಾವ ದನ ಯಾಕೆ ಸತ್ತಿತು ಎಂಬುದು ಎಲ್ಲಿ ತಿಳಿಯುತ್ತದೆ? ಪೆನ್ನು ಮತ್ತೆ ಮುಚ್ಚಿದ.

ಬುಧವಾರಕ್ಕೆ ಇನ್ನು ಮೂರು ದಿನವಿದ್ದಾಗ ಕಾವಲಿನಲ್ಲಿ ಹಾಲಮ್ಮ ಸತ್ತಳು.

ಹಾಲಮ್ಮನೆಂದರೆ ಹಿಂಡಿನಲ್ಲೇ ಹೆಸರಾದ ಹಸು. ಒಂದೂವರೆ ತಿಂಗಳಿನಿಂದ ಮೇವು ಬಿಟ್ಟು ಸೊರಗುತ್ತಿತ್ತು. ಷಡಕ್ಷರಿ ಅದರ ವಿಷಯವಾಗಿ ಮೇಲಿನವರಿಗೆ ಹನ್ನೊಂದು ವರದಿ ಬರೆದಿದ್ದ. ಹನ್ನೊಂದಕ್ಕೂ ‘ಗಮನಿಸಲಾಗಿದೆ’ ಎಂಬ ಉತ್ತರ ಬಂದಿತ್ತು. ಅವನು ಹೋಗುವ ಹೊತ್ತಿಗೆ ಹೊಂಗೆ ಮರದಡಿ ಹಸು ಕಾಲು ಚಾಚಿ ಬಿದ್ದಿತ್ತು. ಹಿಂಡಿನ ಮೇಲ್ವಿಚಾರಣೆಯ ಸೇರ್ವೆಗಾರ ಈರಣ್ಣ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ದೂರದಲ್ಲಿ ದುರ್ಗಮ್ಮ ಕತ್ತಿ ಮಸೆಯುತ್ತಿದ್ದಳು.

ದುರ್ಗಮ್ಮ ಊರಾಚೆಯ ಕೇರಿಯವಳು. ಕಾವಲಿನಲ್ಲಿ ದನ ಸತ್ತರೆ ತೊಗಲು ಸುಲಿಯುವುದು ಅವಳ ಗಂಡನ ಹಕ್ಕಾಗಿತ್ತು; ಗಂಡ ಸತ್ತ ಮೇಲೆ ಗಂಡುಮಕ್ಕಳಿಲ್ಲದ್ದರಿಂದ ಕತ್ತಿಯನ್ನು ಅವಳೇ ಹಿಡಿದಿದ್ದಳು. ಷಡಕ್ಷರಿ ಅವಳನ್ನು ಮೂರು ವರ್ಷದಿಂದ ದೂರದಲ್ಲಿ ನೋಡಿದ್ದ. ಅವಳು ಕೆಲಸ ಶುರುಮಾಡುವ ಹೊತ್ತಿಗೆ ಅವನು ರಿಜಿಸ್ಟರು ಮುಚ್ಚಿ ಹೊರಟಿರುತ್ತಿದ್ದ. ಅವತ್ತು ಯಾಕೋ ಕಾಲು ಏಳಲಿಲ್ಲ.

ದುರ್ಗಮ್ಮ ಹಸುವಿನ ಸುತ್ತ ಒಂದು ಸಲ ಬಂದು ಕೇಳಿದಳು: “ಬುದ್ಧಿ, ಇಳಿಜಾರು ಇಳಿಯೋವಾಗ ಇದು ನರಳ್ತಿತ್ತಾ?”

“ಹೂಂ. ನರಳ್ತಿತ್ತು.”

“ಮುಂಗಾಲು ಅಗಲಿಸ್ಕಂಡು ನಿಂತ್ಕತಿತ್ತಾ? ಕತ್ತಿನ ಕೆಳಗಿನ ಗಂಗೆದೊಗಲು ಊದ್ಕಂಡಿತ್ತಾ?”

ಹನ್ನೊಂದು ವರದಿಯಲ್ಲಿ ಅವನು ಬರೆದದ್ದು ಅದನ್ನೇ. “ಹೌದು! ನಿನಗೆ ಹೆಂಗೆ ಗೊತ್ತು?”

“ಹಂಗಾರೆ ಮೊಳೆ” ಎಂದಳು ದುರ್ಗಮ್ಮ, ಅಂಗಡಿಯಲ್ಲಿ ಉಪ್ಪು ಕೇಳುವಷ್ಟು ಸಲೀಸಾಗಿ. “ಸಂತೆ ದಿನ ಗಾಡಿ ಬಿಡ್ತಾರಲ್ಲ, ಕಾವಲಿನ ಅಂಚಲ್ಲಿ? ಲಾಳ ಕಟ್ಟೋನು ಅಲ್ಲೇ ಕುಂತ್ಕತಾನೆ. ಹಳೇ ಮೊಳೆ ಹುಲ್ಲಿಗೆ ಬೀಳ್ತವೆ. ದನಕ್ಕೇನು ಗೊತ್ತು, ಹುಲ್ಲಿನ ಸಂಗಡ ನುಂಗ್ತದೆ. ಮೊಳೆ ಹೊಟ್ಟೇಲಿ ಕುಂತು ಕುಂತು ಎದೆಗೆ ಚುಚ್ಚತದೆ. ನೋಡ್ತೀರಾ?”

ಷಡಕ್ಷರಿಗೆ ಜೀವಮಾನದಲ್ಲಿ ಮೊದಲ ಸಲ ಯೋಚಿಸಲು ಪುರಸೊತ್ತಾಗಲಿಲ್ಲ. ಕೋಟು ಬಿಚ್ಚಿ ಹೊಂಗೆ ಕೊಂಬೆಗೆ ಹಾಕಿದ. ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಶಿವದಾರದ ಸಮೇತ ಬೆನ್ನಿಗೆ ತಿರುಗಿಸಿಕೊಂಡ. ಈರಣ್ಣ, “ಸ್ವಾಮಿ, ಸ್ವಾಮಿ, ಬ್ಯಾಡಿ, ಅಮ್ಮಾವ್ರಿಗೆ ಗೊತ್ತಾದ್ರೆ ನನ್ ತೊಗಲು ಸುಲೀತಾರೆ” ಎಂದು ಬೊಬ್ಬೆ ಹಾಕುತ್ತಿದ್ದಂತೆಯೇ ಷಡಕ್ಷರಿ ದುರ್ಗಮ್ಮನ ಪಕ್ಕ ಮಣ್ಣಿನಲ್ಲಿ ಮಂಡಿಯೂರಿದ.

ಅವಳು ತೆರೆಯುತ್ತ ಹೋದಳು, ಅವನು ಹಿಡಿಯುತ್ತ ಹೋದ. ಇದು ಇಂಥದ್ದು, ಇದರ ಬಣ್ಣ ಹೀಗಿರಬೇಕಾಗಿತ್ತು, ಇದು ಇಷ್ಟು ದಪ್ಪ ಇರಬಾರದು ಎಂದು ಅವಳು ಒಂದೊಂದನ್ನೇ ತೋರಿಸಿದಳು. ವಾಸನೆಗೆ ಅವನು ಎರಡು ಸಲ ಎದ್ದುಹೋಗಿ ವಾಂತಿ ಮಾಡಿ ಬಂದ. ಎರಡು ಸಲವೂ ಬಾಯೊರೆಸಿಕೊಂಡು ಅದೇ ಜಾಗಕ್ಕೆ ಬಂದು ಕೂತ. ಕೊನೆಗೆ ಎದೆಗೂಡಿನ ಹತ್ತಿರ ಅವನ ಬೆರಳಿಗೇ ಅದು ತಾಗಿತು. ಅರ್ಧ ಬೆರಳುದ್ದದ ಲಾಳದ ಮೊಳೆ, ಹೃದಯದ ಚೀಲದಲ್ಲಿ ನೆಟ್ಟಗೆ ನಿಂತಿತ್ತು.

“ಈ ವರ್ಸ ಇದು ಮೂರನೇದು” ಎಂದಳು ದುರ್ಗಮ್ಮ. “ಮನೇಲಿ ಒಂದು ಕುಡಿಕೆ ತುಂಬಾ ಮಡಗಿವ್ನಿ.”

“ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ?”

“ಯಾರು ಕೇಳವ್ರೆ ಬುದ್ಧಿ?”

ಷಡಕ್ಷರಿ ಮೊಳೆಯನ್ನು ಹುಲ್ಲಿನಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡು, ಕೆರೆಯಲ್ಲಿ ಮುಳುಗಿ ಮುಳುಗಿ ಎದ್ದು, ಒದ್ದೆ ಬಟ್ಟೆಯಲ್ಲೇ ಮನೆಗೆ ನಡೆದ. ಅವನು ಮುಳುಗಿದಷ್ಟು ಸಲಕ್ಕೆ ಕೆರೆಯ ನೀರು ಮೂರು ಬೆರಳು ಕಡಿಮೆಯಾಯಿತು ಎನ್ನುತ್ತಾರೆ. ಜಗಲಿಯ ಮೇಲೆ ಅಪ್ಪ ಅವ್ವ ಇಬ್ಬರನ್ನೂ ಕೂರಿಸಿಕೊಂಡು ಎಲ್ಲವನ್ನೂ ಹೇಳಿಬಿಟ್ಟ: ಮೊಳೆಯ ಸಂಗತಿ, ಸ್ಕಾಟ್ಲೆಂಡಿನ ಕಸಾಯಿಖಾನೆ, ಅಮೇರಿಕದ ಮುಚ್ಚಳಿಕೆ. ಪಂಕಜಾಕ್ಷಿ ಬಾಗಿಲ ಸಂದಿಯಿಂದ ಕೇಳುತ್ತಿದ್ದಳು.

ಮಲ್ಲಿಕಾಂಬ ಹೇಳಿದರು: “ನಾನು ಆವತ್ತೇ ಅಂದ್ಕೊಂಡೆ. ದೇವರ ಬಲಾನೇ ಬಲ. ಅಪ್ಪಣೆ ಕೊಡೋನು ಅವನು. ಹೂವು ಹೇಳಿದ್ದು ಅಮೇರಿಕಾನೇ.”

ತೀರ್ಥಪ್ಪನವರು ತೊಡೆ ತಟ್ಟಿದರು. “ಎಲ್ಲಾದ್ರೂ ಉಂಟೇ! ಏಳು ಸಮುದ್ರ ದಾಟಿ ಹೋಗಿ, ಹೊಲಕ್ಕೆ ನುಗ್ಗಿದ ಮೇಕೆ ಹಂಗೆ ಓಡಿಸಿಕೊಂಡು ಬರೋದಾ? ಪಂಚನಹಳ್ಳಿಯೋರು ಹೇಳೋದೇ ಸರಿ. ಕೇಳೋರ ಕೈಯೇ ಲೆಕ್ಕ. ಸ್ಕಾಟ್ಲೆಂಡು!”

“ಈಗ ಪಂಚನಹಳ್ಳಿ ಬೇಕಾಯ್ತೇನ್ರೀ? ಮೂವತ್ತು ವರ್ಷದಿಂದ ನಮ್ಮೋರ ಒಂದು ಮಾತಿಗಾದ್ರೂ ಹೂಂ ಅಂದಿದ್ರಾ?”

“ಇವತ್ತು ಅಂದೆ. ಬರ್ಕೋ!”

ಇಬ್ಬರೂ ಮೊದಲಿಗಿಂತ ಜೋರಾಗಿ ಜಗಳಕ್ಕೆ ನಿಂತರು. ಬಲ ಬದಲಾಯಿತು, ದೇಶ ಬದಲಾಯಿತು, ದನಿ ಮಾತ್ರ ಅದೇ. ಷಡಕ್ಷರಿ ಇವರನ್ನೊಮ್ಮೆ ಅವರನ್ನೊಮ್ಮೆ ನೋಡಿದ. ಇನ್ನಾರನ್ನು ಕೇಳುವುದು? ದೇವರವರೆಗೂ ಹೋಗಿ ಬಂದಾಗಿತ್ತು. ಒಳಗೆ ಹೋದವನ ಎದುರು ಪಂಕಜಾಕ್ಷಿ ನಿಂತಿದ್ದಳು.

“ಮೊಳೆ ಕೈಗೆ ತಾಗಿದಾಗ ಹೆಂಗಾಯ್ತು?” ಎಂದು ಮೆಲ್ಲಗೆ ಕೇಳಿದಳು.

“ಭಯ ಆಯ್ತು. ಖುಷೀನೂ ಆಯ್ತು ಕಣೇ. ಹಸು ಸತ್ತಿದ್ದಕ್ಕೆ ಖುಷಿ ಪಡೋದಾ? ನನಗೇ ಒಂದೂ ಗೊತ್ತಾಗ್ತಿಲ್ಲ.”

“ಬೆಣ್ಣೆ ಬಗ್ಗೆ ಓದಿದ್ರೆ ಹಂಗೆ ಖುಷಿ ಆಗ್ತದಾ?”

ಷಡಕ್ಷರಿ ಮೇಜಿನ ಮೇಲಿದ್ದ ಸ್ಕಾಟ್ಲೆಂಡಿನ ಅರ್ಜಿಯನ್ನು ಎತ್ತಿಕೊಂಡ. ಪಂಕಜಾಕ್ಷಿ ಇನ್ನೊಂದನ್ನು ಮಡಿಸಿ, ಅವನ ಕಣ್ಣಿಗೆ ಬೀಳದ ಹಾಗೆ ಅಕ್ಕಿಯ ಪೆಟ್ಟಿಗೆಯ ತಳಕ್ಕೆ ಹಾಕಿದಳು.

ಮರುದಿನ ಬೆಳಗ್ಗೆ ಹೊಂಗೆ ಮರದಡಿಯಲ್ಲಿ ಕಲಮು ತುಂಬುವ ಶಾಸ್ತ್ರ ನಡೆಯಿತು. ಯಾರ ಕೈಕೆಳಗೆ ಕೆಲಸ ಮಾಡಿದ್ದು? ದುರ್ಗಮ್ಮ, ಅಜ್ಜಂಪುರ, ತರೀಕೆರೆ ತಾಲ್ಲೂಕು, ಮೈಸೂರು ಸಂಸ್ಥಾನ. ಅನುಭವ? ಮೂವತ್ತು ವರ್ಷ. ಎಷ್ಟು ಪ್ರಾಣಿಗಳ ಪರೀಕ್ಷೆ? ದುರ್ಗಮ್ಮನಿಗೆ ಎಣಿಕೆ ಇರಲಿಲ್ಲ. “ಆ ಗುಡ್ಡದಷ್ಟು ಅಂತ ಬರೀರಿ” ಎಂದಳು. ಷಡಕ್ಷರಿ ‘ಸಾವಿರಕ್ಕೆ ಮೇಲ್ಪಟ್ಟು’ ಎಂದು ಬರೆದ. ಅವನ ಮಟ್ಟಿಗೆ ಅದು ಬಹಳ ಕಡಿಮೆ ಹೇಳಿದ್ದು. ಶಿಫಾರಸು?

“ಅಂಗಂದ್ರೇನು ಬುದ್ಧಿ?”

“ನಾನು ಈ ಕೆಲಸಕ್ಕೆ ಲಾಯಕ್ಕೋ ಅಲ್ವೋ, ನೀನು ಹೇಳ್ಬೇಕು.”

ದುರ್ಗಮ್ಮ ಮುಖವೆಲ್ಲ ಕೈಯಲ್ಲಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಗಂಭೀರವಾಗಿ ಯೋಚಿಸಿ ಹೇಳಿದಳು: “ಎರಡು ಸಲ ವಾಂತಿ ಮಾಡ್ಕಂಡ್ರು. ಎರಡು ಸಲಾನೂ ತಿರುಗಿ ಬಂದ್ರು. ಹಂಗಂತ ಬರೀರಿ.”

ಅವನು ಅದನ್ನು ಅಕ್ಷರಶಃ ಇಂಗ್ಲಿಷಿನಲ್ಲಿ ಬರೆದ. ಅವಳು ಹೆಬ್ಬೆಟ್ಟು ಒತ್ತಿದಳು, ಈರಣ್ಣ ಸಾಕ್ಷಿ ಹಾಕಿದ. ಬುಧವಾರ ಷಡಕ್ಷರಿ ಬೀರೂರಿಗೆ ಹೋಗಿ ಲಕೋಟೆಯನ್ನು ಪೆಟ್ಟಿಗೆಗೆ ಹಾಕಿ, ಹಾಕಿದ್ದು ಸರಿಯೋ ತಪ್ಪೋ ಎಂದು ಅಲ್ಲೇ ಕಂಬಕ್ಕೊರಗಿ ನಿಂತು, ಶಿವಮೊಗ್ಗದ ಗಾಡಿ ಎರಡು ಸಲ ಹೋಗಿ ಬರುವವರೆಗೂ ಯೋಚಿಸಿದ.

ಉತ್ತರ ಏಳು ವಾರಕ್ಕೆ ಬಂತು. ಜಾಗ ಖಾಯಂ, ಅಕ್ಟೋಬರಿಗೆ ಬರತಕ್ಕದ್ದು. ಕೆಳಗೆ ಅಲ್ಲಿನ ದೊಡ್ಡ ಪ್ರೊಫೆಸರು ಸ್ವಂತ ಕೈಯಲ್ಲಿ ಬರೆದಿದ್ದರು: ‘ನಿಮ್ಮ ಗುರುಗಳು ಮಹಿಳೆಯೆಂದು ತಿಳಿದು ಮೈಸೂರು ಸಂಸ್ಥಾನದ ಮುನ್ನಡೆಗೆ ಬೆರಗಾದೆ. ಈ ಶಾಸ್ತ್ರವನ್ನು ಕಲಿಸುವ ಮಹಿಳೆ ನಮ್ಮಲ್ಲಿ ಇನ್ನೂ ಒಬ್ಬರಿಲ್ಲ. ಅವರಿಗೆ ನನ್ನ ಗೌರವಗಳನ್ನು ತಿಳಿಸಿರಿ.’

ಷಡಕ್ಷರಿ ಕಾವಲಿಗೆ ಹೋಗಿ ಅದನ್ನು ಕನ್ನಡಕ್ಕೆ ಮಾಡಿ ಓದಿ ಹೇಳಿದ. ದುರ್ಗಮ್ಮನಿಗೆ ಗೌರವದ ಮಾತು ಕಿವಿಗೆ ಬಿದ್ದಂತೆ ಕಾಣಲಿಲ್ಲ. ಅವಳು ಬೇರೇನನ್ನೋ ಹಿಡಿದುಕೊಂಡಿದ್ದಳು.

“ಹಂಗಾರೆ ಅಲ್ಲಿ ಸತ್ತ ದನ ಕುಯ್ಯೋರು ಯಾರು ಬುದ್ಧಿ?”

“ದೊಡ್ಡ ದೊಡ್ಡ ಓದಿದೋರು. ಕೋಟು ಹಾಕ್ಕೊಂಡು.”

“ಅಂಥೋರ್ನ ಊರೊಳಕ್ಕೆ ಬಿಟ್ಕತಾರಾ?”

“ಬಿಟ್ಕೊಳ್ದೇ ಏನು? ಊರ ನಡುವೆ ಮನೆ ಅವರದು. ಜನ ಟೋಪಿ ತೆಗೆದು ನಮಸ್ಕಾರ ಮಾಡ್ತಾರಂತೆ.”

ದುರ್ಗಮ್ಮ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು. “ನೀವೂ ಅದೇ ಆಯ್ತೀರಾ?”

“ಆಗೋಣ ಅಂತ.”

“ಆಗ್ಬುಟ್ಟು ತಿರುಗಿ ಬಂದ್ರೆ, ನಿಮ್ಮನ್ನ ಇಲ್ಲಿ ಯಾವ ಕೇರಿಗೆ ಬಿಟ್ಕತಾರೆ? ನಿಮ್ದಕ್ಕೋ ನಮ್ದಕ್ಕೋ?”

ಷಡಕ್ಷರಿ ಬಾಯಿ ತೆರೆದ. ಎರಡು ದೇಶ, ಎರಡು ಕಾಲೇಜು, ದೇವರ ಎರಡು ಬದಿ, ಇಷ್ಟೆಲ್ಲದರ ಮೇಲೆ ಮೂರು ವಾರ ಹಗಲಿಡೀ ಯೋಚಿಸಿದವನಿಗೆ ಈ ಒಂದು ಪ್ರಶ್ನೆ ಹೊಳೆದಿರಲಿಲ್ಲ. ತೆರೆದ ಬಾಯಿ ಹಾಗೆಯೇ ಇತ್ತು. ಹುಲ್ಲುಗಾವಲಿನ ನೊಣವೊಂದು ಬಂದು, ಒಳಗೆ ಹೋಗಲೋ ಬೇಡವೋ ಎಂದು ಸ್ವಲ್ಪ ಹೊತ್ತು ಸುತ್ತಿ, ಹೊರಟುಹೋಯಿತು.

ಅವನು ಹಡಗು ಹತ್ತಿದ, ನಾಲ್ಕು ವರ್ಷದ ಓದನ್ನು ಐದು ವರ್ಷದಲ್ಲಿ ಮುಗಿಸಿದ, ಅಲ್ಲಿಯ ಒಂದು ಬಂದರಿನಲ್ಲಿ ಹಡಗಿನಿಂದ ಇಳಿಯುವ ದನಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಿದ. ಪಂಕಜಾಕ್ಷಿಯೂ ಹೋದಳು. ಆ ಚಳಿಯಲ್ಲಿ ಆಡಿದ ಮಾತು ಬಾಯಲ್ಲೇ ಗಡ್ಡೆಕಟ್ಟುತ್ತದೆ, ಗಂಡನ ಉತ್ತರ ಕೇಳಬೇಕಾದರೆ ಒಲೆಯ ಮುಂದೆ ಕರಗಿಸಿ ಕೇಳಬೇಕು ಎಂದು ಅತ್ತೆಗೆ ಬರೆದಳು. ಮಗ ಯಾವ ಇಲಾಖೆಯಲ್ಲಿದ್ದಾನೆಂದು ಯಾರಾದರೂ ಕೇಳಿದರೆ ಮಲ್ಲಿಕಾಂಬ, “ಬಂದರಿನಲ್ಲಿ” ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದರು.

ವರ್ಷಕ್ಕೆರಡು ಸಲ ಈರಣ್ಣನ ಹೆಸರಿಗೆ ಒಂದು ದಪ್ಪ ಕಾಗದ ಬರುತ್ತಿತ್ತು, ದುರ್ಗಮ್ಮನಿಗೆ ಓದಿ ಹೇಳುವುದಕ್ಕೆ. ಈ ಸಲ ಇಂಥ ಹಸು, ಇಂಥ ಲಕ್ಷಣ, ತೆರೆದರೆ ಇಂಥದ್ದು ಸಿಕ್ಕಿತು, ನೀನಾದರೆ ಏನನ್ನುತ್ತಿದ್ದೆ ಎಂದು ಪುಟಗಟ್ಟಲೆ ಬರೆದಿರುತ್ತಿದ್ದ. ದುರ್ಗಮ್ಮ ಹೇಳಿದ್ದನ್ನು ಈರಣ್ಣ ಸೊಟ್ಟ ಅಕ್ಷರದಲ್ಲಿ ಉತ್ತರ ಬರೆಯುತ್ತಿದ್ದ. ಷಡಕ್ಷರಿಯ ಪ್ರತಿಯೊಂದು ಕಾಗದದ ಕೊನೆಯಲ್ಲೂ, ರುಜುವಿನ ಮೇಲೆ, ಒಂದು ಸಾಲು ತಪ್ಪದೆ ಇರುತ್ತಿತ್ತು: ‘ನೀನು ಕೇರಿಯ ವಿಷಯ ಕೇಳಿದ್ದೆಯಲ್ಲ, ಅದನ್ನು ಇನ್ನೂ ಯೋಚಿಸುತ್ತಿದ್ದೇನೆ.’